ಕರಿದ ಮೀನಿಗೆ ತಂದ ಬಾಟಲಿ

ವಿಟ್ಬಿ
ಅಕ್ಟೋಬರ್ ೧೫, ೨೦೨೩
ಭಾನುವಾರ ಬೆಳಿಗ್ಗೆ

ಮುದ್ದಿನ ಬ್ರಯೊನಿ,

ನೀನೂ ಮೇಬಲ್ಲೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮೇಬಲ್‌ಗೆ ಮುಂದಿನ ಹಲ್ಲು ಬಿದ್ದಿದೆಯೆಂದು ಈನಿಡ್ ಹೇಳಿದಳು. ನನ್ನ ಮೊಮ್ಮಗಳ ಹಲ್ಲಿನ ಸುದ್ದಿ ಪಕ್ಕದ ಬೀದಿಯಿಂದ ಬರಬೇಕಾಯಿತಲ್ಲ ಎಂದು ಒಂದು ಕ್ಷಣ ಸಿಟ್ಟು ಬಂತು. ಏಳು ತಿಂಗಳಿಂದ ಒಂದು ಸಾಲೂ ಬರೆಯದವನು ನಾನೇ ಎಂಬುದು ನೆನಪಾಗಿ ಸುಮ್ಮನಾದೆ. ತಡವಾದದ್ದಕ್ಕೆ ಕ್ಷಮಿಸು. ಫೋನಿನಲ್ಲಿ ಆಗುವ ಮಾತಲ್ಲ ಇದು. ನಾನು ಅರ್ಧ ಹೇಳುವಷ್ಟರಲ್ಲಿ ನೀನು "ಸರಿ ಅಪ್ಪ" ಅನ್ನುತ್ತೀಯ. ಆ "ಸರಿ" ಕೇಳಿದರೆ ಉಳಿದದ್ದನ್ನು ಹೇಳದೆ ಫೋನ್ ಇಟ್ಟುಬಿಡುತ್ತೇನೆ.

ಇಲ್ಲಿ ಎಲ್ಲ ಹಾಗೇ ಇದೆ. ನಮ್ಮ ಅಂಗಡಿಯ ಜಾಗದಲ್ಲಿ ಈಗ ನಾಯಿಗಳ ಕೂದಲು ಕತ್ತರಿಸುವ ಹುಡುಗಿ ಬಂದಿದ್ದಾಳೆ. ಮೂವತ್ತನಾಲ್ಕು ವರ್ಷ ನಾನು ವೈನ್ ಜೋಡಿಸಿಟ್ಟ ಗೋಡೆಗೆ ಅವಳು ಶಾಂಪೂ ಡಬ್ಬಗಳನ್ನು ಜೋಡಿಸಿದ್ದಾಳೆ. ಒಳ್ಳೆಯ ಹುಡುಗಿ, ಕಂಡಾಗಲೆಲ್ಲ ಕೈ ಬೀಸುತ್ತಾಳೆ.

ನಿನಗೆ ಹೇಳಬೇಕಾದದ್ದು ನಿನ್ನೆಯ ಮಧ್ಯಾಹ್ನದ ಸಂಗತಿ. ಶನಿವಾರದ ನಮ್ಮ ಊಟ ನಿನಗೆ ಗೊತ್ತೇ ಇದೆ: ಈನಿಡ್‌ಳ ಅಡುಗೆಮನೆ, ಕ್ಲೈವ್ ಹೊತ್ತು ತರುವ ಕರಿದ ಮೀನು, ಚಿಪ್ಸ್, ಅರೆದ ಬಟಾಣಿ. ತಟ್ಟೆ ಇಲ್ಲ, ಕಾಗದದ ಪೊಟ್ಟಣದಿಂದಲೇ ತಿನ್ನಬೇಕು. ವೈನ್ ಮಾತ್ರ ನನ್ನದು. ಬಾಟಲಿ ಬಿಚ್ಚುವ ಮೊದಲು ನಾನು ನಾಲ್ಕು ಮಾತು ಆಡಬೇಕು, ಅವರು ನಗಾಡಬೇಕು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಎರಡು ಚಳಿಗಾಲದ ಹಿಂದೆ ಜ್ವರ ಬಂದು ಮಲಗಿದ್ದೆನಲ್ಲ, ಅದು ಬಿಟ್ಟು ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ಕಾಫಿ, ಸೋಪು, ಸಮುದ್ರ, ಯಾವುದರ ವಾಸನೆಯೂ ಇಲ್ಲ. ಯಾರಿಗೂ ಹೇಳಲಿಲ್ಲ. ಊರೆಲ್ಲ ನನ್ನನ್ನು ಮೂಗಿನಿಂದಲೇ ಗುರುತಿಸಿದ್ದು. ಬಾಟಲಿಯ ಚೀಟಿ ನೋಡಿ, ಹಳೆಯ ನೆನಪು ಕೆದಕಿ, ಎದುರಿನವರ ಮುಖ ನೋಡಿ ಮಾತಾಡಿದೆ. ಅದನ್ನೂ ಒಂದು ಕಸುಬಿನಂತೆ ಕಲಿತುಬಿಟ್ಟೆ.

ನಿನ್ನೆ ಕ್ಲೈವ್ ತನ್ನ ಹೊಸ ಹೆಂಡತಿ ನೆರಿಸ್‌ಳನ್ನು ಮೊದಲ ಸಲ ಕರೆತಂದಿದ್ದ. ವೇಲ್ಸ್‌ನವಳು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಮನಸ್ಸಿಗೂ ಬಾಯಿಗೂ ನಡುವೆ ಬಾಗಿಲಿಲ್ಲ. ಬಂದವಳೇ ಮೀನಿನ ಮೇಲೆ ವಿನೆಗರ್ ಸುರಿಯಹೋದಳು.

"ಅದನ್ನ ಕೆಳಗಿಡು ತಾಯಿ," ಎಂದೆ. "ವಿನೆಗರ್ ಬಿತ್ತೋ, ವೈನ್ ಸತ್ತ ಹಾಗೇ. ನಿಂಬೆಹಣ್ಣು ಹಿಂಡ್ಕೋ."

"ಮೀನಿಗೆ ವಿನೆಗರ್ ಬೇಡ ಅನ್ನೋ ಮನುಷ್ಯನ್ನ ಇವತ್ತೇ ನೋಡಿದ್ದು," ಎಂದು ಅವಳು ನಕ್ಕಳು.

ಒಳ್ಳೆಯ ಶಾಬ್ಲಿ ತಂದಿದ್ದೆ, ಬಿಳಿ ವೈನ್. ಎಣ್ಣೆಯಲ್ಲಿ ಕರಿದ ಮೀನಿಗೆ ಅದರ ಹುಳಿಯೇ ಬೇಕು. ಬಿರಡೆ ತೆಗೆದೆ, ಗ್ಲಾಸು ತಿರುಗಿಸಿದೆ, ಮೂಗು ಇಳಿಬಿಟ್ಟು ಕಣ್ಣು ಮುಚ್ಚಿದೆ. "ಹಸಿರು ಸೇಬು. ಒದ್ದೆ ಸುಣ್ಣದ ಕಲ್ಲು. ಹಿಂದೆ ಎಲ್ಲೋ ಒಂಚೂರು ಉಪ್ಪುಗಾಳಿ," ಎಂದು ಎಲ್ಲರಿಗೂ ಸುರಿದೆ.

ಕ್ಲೈವ್ ಒಂದು ಗುಟುಕು ಕುಡಿದು ಈನಿಡ್‌ಳತ್ತ ನೋಡಿದ. ಅವಳು ತನ್ನ ಗ್ಲಾಸನ್ನು ನೋಡುತ್ತ ಕೂತಳು.

"ಅಯ್ಯೋ, ಇದೇನಿದು?" ಎಂದಳು ನೆರಿಸ್. "ನೆಲಮಾಳಿಗೇಲಿ ನೆಂದ ರಟ್ಟಿನ ಥರ ಹೊಡೀತಿದೆ!"

"ನೆರಿಸ್, ಮೀನು ಆರಿಹೋಗತ್ತೆ. ತಿನ್ನು," ಎಂದ ಕ್ಲೈವ್.

"ಅಲ್ಲ ಕಣೋ, ಮೂಸಿ ನೋಡು. ಬೂಷ್ಟು!"

"ನಂಗೆ ಚೆನ್ನಾಗೇ ಇದೆ," ಎಂದು ಈನಿಡ್ ಗ್ಲಾಸನ್ನು ಬರಿದು ಮಾಡಿ ನನ್ನ ಮುಂದೆ ಚಾಚಿದಳು. "ಇನ್ನೊಂಚೂರು ಹಾಕು, ಡೆನ್ನಿಸ್." ಅವಳ ಕಣ್ಣಲ್ಲಿ ನೀರಿತ್ತು.

ಬಿರಡೆ ಕೆಟ್ಟು ಬೂಷ್ಟು ಹಿಡಿದ ವೈನ್, ಬ್ರಯೊನಿ. ಅಂಗಡಿಯಲ್ಲಿದ್ದಾಗ ಒಂದು ಮಾರು ದೂರದಿಂದಲೇ ಹಿಡಿಯುತ್ತಿದ್ದೆ. ಈಗ ಅದನ್ನೇ ಹೊಗಳಿ ಸ್ನೇಹಿತರಿಗೆ ಬಡಿಸಿದ್ದೆ. ಅವರು ಔಷಧಿಯಂತೆ ನುಂಗುತ್ತಿದ್ದರು.

"ಎಷ್ಟು ದಿನದಿಂದ ಗೊತ್ತು ನಿಮಗೆ?" ಎಂದೆ.

ಕ್ಲೈವ್ ಚಿಪ್ಸ್ ಒಂದನ್ನು ಮುರಿಯುತ್ತ, "ಹೋದ ಕ್ರಿಸ್‌ಮಸ್‌ನಿಂದ," ಎಂದ. "ಕೆಟ್ಟ ಬಾಟಲಿ ಇದು ಮೂರನೇದು."

"ಮತ್ತೆ ಸುಮ್ಮನೆ ಕುಡಿದ್ರಾ? ನನ್ನನ್ನ ಕೋತಿ ಥರ ಕುಣಿಸಿ ನೋಡಿದ್ರಾ?"

"ಕೂಗಾಡಬೇಡ," ಎಂದಳು ಈನಿಡ್. "ವಾರಕ್ಕೆ ಆ ಹತ್ತು ನಿಮಿಷ ಮಾತ್ರ ನೀನು ಮುಂಚಿನ ಡೆನ್ನಿಸ್ ಆಗಿರ್ತೀಯ. ಅದನ್ನೂ ಕಿತ್ಕೋಬೇಕಿತ್ತಾ ನಾವು?"

ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ಏನೇನೋ ಅಂದೆ, ಬರೆಯಲು ನಾಚಿಕೆ. ನಲವತ್ತು ವರ್ಷದ ಗೆಳೆಯನಿಗೆ ಸುಳ್ಳ ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಗ ನೆರಿಸ್ ಬಾಯಿ ಒರೆಸಿಕೊಂಡು, ರೋಗಿಯನ್ನು ಕೇಳುವ ದನಿಯಲ್ಲಿ ಕೇಳಿದಳು: "ಮನೇಲಿ ಒಬ್ಬರೇ ಇರೋದಾ? ಒಲೆ ಗ್ಯಾಸಿಂದಾ?"

ಹೌದೆಂದು ತಲೆಯಾಡಿಸಿ ಕೂರಹೋದೆ. ಕುರ್ಚಿ ಬಿದ್ದಿತ್ತಲ್ಲ, ಕ್ಲೈವ್ ಓಡಿಬಂದು ಎತ್ತಿಟ್ಟ. ಆ ವೈನನ್ನು ಈನಿಡ್ ತೊಟ್ಟಿಗೆ ಚೆಲ್ಲಿ ಚಹಾ ಮಾಡಿದಳು. ನೆರಿಸ್ ಕೇಳದೆಯೇ ನನ್ನ ಮೀನಿನ ಮೇಲೆ ವಿನೆಗರ್ ಸುರಿದಳು, ಧಾರಾಳವಾಗಿ. "ಹುಳಿ ಗೊತ್ತಾಗತ್ತೆ. ಮೂಗು ಹೋದ್ರೂ ನಾಲಿಗೆ ಹುಳಿ ಬಿಡಲ್ಲ. ತಿನ್ನಿ," ಎಂದಳು. ತಿಂದೆ. ಎರಡು ವರ್ಷದಲ್ಲಿ ಮೊದಲ ಸಲ ಬಾಯಲ್ಲಿ ಏನೋ ಇದೆ ಅನಿಸಿತು. ಮೂವರೂ ನನ್ನನ್ನು ನೋಡುತ್ತಿದ್ದರು. ಕ್ಷಮೆ ಕೇಳಿದೆ. "ಮುಂದಿನ ಶನಿವಾರ ನೀನು ಆರಿಸು, ನಾನು ಮೂಸ್ತೀನಿ," ಎಂದ ಕ್ಲೈವ್. ನಾಳೆ ಡಾಕ್ಟರ ಬಳಿಗೆ ಹೋಗುತ್ತಿದ್ದೇನೆ. ನೆರಿಸ್ ಜೊತೆಗೆ ಬರುತ್ತಾಳಂತೆ. ಬೇಡ ಅಂದರೆ ಕೇಳುವ ಹೆಂಗಸಲ್ಲ.

ನಿನಗೂ ಮೇಬಲ್‌ಗೂ ಒಳ್ಳೆಯದಾಗಲಿ. ಲೀಡ್ಸ್‌ನಲ್ಲಿ ಚಳಿ ಶುರುವಾಗಿರುತ್ತದೆ, ಇಬ್ಬರೂ ಬೆಚ್ಚಗಿರಿ. ನನ್ನ ಪ್ರೀತಿ ಸದಾ ನಿಮ್ಮಿಬ್ಬರ ಮೇಲಿದೆ.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯಲೆಂದೇ ಮೇಲಿನದೆಲ್ಲ ಬರೆದೆ. ಮಾರ್ಚಿನಲ್ಲಿ ಮೇಬಲ್‌ಳನ್ನು ನನ್ನ ಬಳಿ ಬಿಟ್ಟು ಹೋಗಿದ್ದೆಯಲ್ಲ, ಆ ದಿನ ನಾನು ಕುಡಿದಿರಲಿಲ್ಲ. ನೀನು ಒಳಗೆ ಬಂದು ಸೋರುತ್ತಿದ್ದ ಗ್ಯಾಸ್ ನಿಲ್ಲಿಸಿ ಕಿಟಕಿಗಳನ್ನೆಲ್ಲ ತೆರೆದೆ. ಮೇಜಿನ ಮೇಲೆ ಬಿಚ್ಚಿದ ಮೂರು ಬಾಟಲಿ ನೋಡಿ, "ಅಪ್ಪಾ, ಕುಡಿದಿದ್ದೀಯಾ?" ಎಂದು ಕೇಳಿದೆ. ನಾನು "ಎರಡೇ ಗ್ಲಾಸು" ಅಂದೆ. ಒಂದು ತೊಟ್ಟೂ ಕುಡಿದಿರಲಿಲ್ಲ, ಮಗಳೇ. ಮೂರರಲ್ಲಿ ಒಂದರ ವಾಸನೆಯಾದರೂ ತಿಳಿದೀತೇ ಎಂದು ನೋಡುತ್ತಿದ್ದೆ. ಮೇಬಲ್‌ಗೆಂದು ಇಟ್ಟ ಹಾಲು ಉಕ್ಕಿ ಆ ಹಳೆಯ ಒಲೆಯ ಉರಿ ನಂದಿಹೋಗಿತ್ತು. ಕುಡುಕನಾದರೆ ಕುಡಿತ ಬಿಡುತ್ತೇನೆ ಎನ್ನಬಹುದು. ಮೂಗು ಹೋದವನು ಏನು ಬಿಡುತ್ತೇನೆಂದು ಮಾತು ಕೊಡಲಿ? ಅದಕ್ಕೇ ಸುಳ್ಳು ಹೇಳಿದೆ. ಇನ್ನೊಂದಿದೆ. ನೀನು ಬರುವುದಕ್ಕೆ ಮೊದಲು ಮೇಬಲ್ ಎರಡು ಸಲ ಅಡುಗೆಮನೆಗೆ ಬಂದಿದ್ದಳು. "ಅಜ್ಜ, ಏನೋ ಕೆಟ್ಟ ವಾಸನೆ," ಎಂದಳು. "ಅದು ವೈನ್ ಕಂದಾ, ಹೋಗಿ ಚಿತ್ರ ಬರಿ," ಎಂದು ಎರಡು ಸಲವೂ ನಾನೇ ಅವಳನ್ನು ಒಳಗಿನ ಕೋಣೆಗೆ ಕಳಿಸಿದೆ.