ಹದಿನೇಳು ತಲೆಮಾರಿನ ಹೆಸರುಗಳು

ಪಾಂಗೈ, ಟೋಂಗಾ. ಮಂಗಳವಾರ, ಆಗಸ್ಟ್ 12.

ನಿನ್ನೆ ತರಗತಿಯಲ್ಲಿ ನಾನು ಆಡಿದ ಮಾತು ಇವತ್ತೂ ಕೊರೆಯುತ್ತಿತ್ತು. ಮಕ್ಕಳಿಗೆ ಪ್ರಾಚೀನ ಸಮಾಜಗಳ ಪಾರಿಭಾಷಿಕ ಪದಗಳನ್ನು ಬರೆಸುತ್ತಿದ್ದೆ: ರಾಜಪ್ರಭುತ್ವ, ಬಹುದೇವತಾರಾಧನೆ. 'ನಾಗರಿಕತೆ ಎಂದರೆ ನಗರ, ಆಡಳಿತ, ಲಿಪಿ ಇರುವ ಸಮಾಜ' ಎಂದಾಗ ಕಲೋಲೈನೆ ಎದ್ದು ನಿಂತಳು.

"ಟೀಚರ್, ನಮ್ಮ ಟೋಂಗಾದ ಹಿರಿಯರಿಗೆ ಲಿಪಿನೇ ಇರ್ಲಿಲ್ವಲ್ಲ. ಹಾಗಾದ್ರೆ ಅವರು ಕಾಡುಜನಾನಾ?"

"ಪರೀಕ್ಷೆಗೆ ಇಷ್ಟು ಬರೆದ್ರೆ ಸಾಕು, ಕೂತ್ಕೋ," ಎಂದುಬಿಟ್ಟೆ.

ಇವತ್ತು ಅವಳು ಬರಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳ ಮನೆಗೇ ಹೋದೆ. ಅವಳ ಅಜ್ಜಿ ಅನಾಸೇನಿ ಮರದ ತೊಗಟೆ ಬಡಿದು ಬಟ್ಟೆ ಮಾಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ.

"ಯಾರ ಮಗಳಮ್ಮ ನೀನು?" ಎಂದರು. ವವಾವು ದ್ವೀಪದ ನನ್ನ ಅಪ್ಪನ ಹೆಸರು, ತಾತನ ಹೆಸರು ಹೇಳಿದೆ. ಅದರಾಚೆ ನನಗೆ ಗೊತ್ತಿರಲಿಲ್ಲ.

"ಅಷ್ಟಕ್ಕೇ ಸುಸ್ತಾದ್ಯಾ?" ಎಂದು ನಕ್ಕು, ಅಲ್ಲಿಂದ ಮುಂದೆ ಅವರೇ ಹೇಳತೊಡಗಿದರು. ಒಂದೊಂದು ಏಟಿಗೆ ಒಂದೊಂದು ಹೆಸರು. ಎರಡನೆಯ ಹೆಸರಿಗೇ ಬಡಿಯುವ ಕೈ ನಿಂತಿತು.

"ಈ ಹೇಲಾಲಾ ನಿನ್ನ ತಾತನ ಅಜ್ಜಿ. ತುಂಬು ಬಸುರಿ, ಬಿರುಗಾಳಿಗೆ ಸಿಕ್ಕಿ ಈ ದಡಕ್ಕೆ ಬಂದ್ಲು. ನಿನ್ನ ಮುತ್ತಾತ ಹುಟ್ಟಿದ್ದು ನಮ್ಮನೇಲೇ ಕಣೆ. ಅವಳು ಹೇಳಿಕೊಟ್ಟ ನಿಮ್ಮ ವಂಶದ ಹೆಸರೆಲ್ಲ ಆವತ್ತಿಂದ ನಮ್ಮನೇಲಿ ಬಾಯಿಪಾಠ."

ಹದಿನೇಳು ತಲೆಮಾರು ಹೇಳಿ ಮುಗಿಸುವಷ್ಟರಲ್ಲಿ ನನಗೆ ಅಳು ಬಂದಿತ್ತು. ಪಕ್ಕದಲ್ಲೇ ಕೂತು ಕೇಳುತ್ತಿದ್ದ ಕಲೋಲೈನೆಯ ಕೈ ಹಿಡಿದು, "ನಿನ್ನೆ ನಾನು ಹೇಳಿದ್ದು ತಪ್ಪು," ಎಂದೆ.

"ಹೋಗ್ಲಿ ಬಿಡಿ ಟೀಚರ್. ನೀವು ನಮ್ಮೋರೇ ಅಂತಾಯ್ತಲ್ಲ," ಎಂದಳು.

ಈ ಊರಿನಲ್ಲಿ ಐದು ವರ್ಷ ಹೊರಗಿನವಳಂತೆ ಇದ್ದೆ. ಆ ಅಜ್ಜಿಯ ಋಣ ಹೇಗೆ ತೀರಿಸಲಿ? ಹೆಸರುಗಳನ್ನು ಬರೆದಿಡಲು ಕೂತರೆ ಏಳೇ ನೆನಪಾಗುತ್ತಿವೆ. ನಾಳೆ ಮತ್ತೆ ಹೋಗಬೇಕು. ಪುಸ್ತಕ ಒಯ್ಯುವುದಿಲ್ಲ, ಬಾಯಲ್ಲೇ ಕಲಿಯುತ್ತೇನೆ.