ಇಪ್ಪತ್ತಮೂರನೇ ನಿಮಿಷದ ಕುದುರೆ

ಏಪ್ರಿಲ್ 8, ಬೆಳಿಗ್ಗೆ ಹತ್ತು

ವಿಡಿಯೋ ಮತ್ತೆ ಅಲ್ಲೇ ನಿಂತಿತು. ಇಪ್ಪತ್ತಮೂರು ನಿಮಿಷ, ಹತ್ತು ಸೆಕೆಂಡು. ನನ್ನ ಕುದುರೆ ಕಾರ್ಚಿಗಾನ ನಾಲ್ಕೂ ಕಾಲು ಗಾಳಿಯಲ್ಲಿ. ಮೇಲೆ ನನ್ನ ತಮ್ಮ ತೊಕ್ತೊಸುನ್, ಅವನ ತೊಡೆಯಡಿ ಆಡಿನ ಮುಂಡ. ಅಲ್ಲಿಗೆ ಚಿತ್ರ ಕಲ್ಲು. ಸದ್ದೂ ಇಲ್ಲ. ಐದು ಸಲ ಹಾಕಿದೆ, ಐದು ಸಲವೂ ಅಷ್ಟೇ.

ಹೊಸ ವರ್ಷದ ನೌರುಜ್ ಹಬ್ಬದ ಆಟ, ಕುದುರೆ ಮೇಲಿಂದ ಆಡಿನ ಮುಂಡ ಕಸಿದು ಎದುರಾಳಿಯ ಗುಂಡಿಗೆ ಹಾಕುವುದು. ಅದೇ ದಿನ ನಾರಿನ್ ಆಸ್ಪತ್ರೆಯಲ್ಲಿ ನನ್ನ ಪಿತ್ತಕೋಶ ತೆಗೆದರು. ನಾನು ಹತ್ತಿದ್ದರೆ ಹತ್ತೇ ನಿಮಿಷದಲ್ಲಿ ಆಡು ಗುಂಡಿಗೆ ಬಿದ್ದಿರುತ್ತಿತ್ತು, ಅದು ಬೇರೆ ಮಾತು. ವಾಪಸ್ ಬಂದಾಗ ಲಾಯ ಖಾಲಿ. ತಮ್ಮನ ಮಗಳು ನಾಜಿಕ್‌ಳನ್ನು ತಲಾಸಿನವರಿಗೆ ಗೊತ್ತು ಮಾಡಿದ್ದೇವಲ್ಲ — ಆ ಬೀಗ ಆಟ ನೋಡಲು ಬಂದು, ಕುದುರೆ ಮೆಚ್ಚಿ, ಕೊಡಿ ಅಂದನಂತೆ. ಕೊಟ್ಟರಂತೆ. ಬೀಗ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನುವ ಮನೆತನ ನಮ್ಮದಲ್ಲ, ಒಪ್ಪಿದೆ. ಆದರೆ ನನ್ನನ್ನು ಒಂದು ಮಾತು ಕೇಳಿದರೇ?

ವಿಡಿಯೋ ಉದ್ದ ನಲವತ್ತೊಂದು ನಿಮಿಷ ಅಂತ ಕೆಳಗೆ ಬರೆದಿದೆ. ಉಳಿದ ಹದಿನೆಂಟು ನಿಮಿಷದಲ್ಲಿ ಏನಿದೆ?

ಏಪ್ರಿಲ್ 9

ನಾಜಿಕ್ ಬಂದಳು. ಪಂಚಾಯ್ತಿ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಅವಳದೇ. ವಿಡಿಯೋ ಪೆನ್‌ಡ್ರೈವಿಗೆ ಹಾಕಿಕೊಟ್ಟವಳೂ ಅವಳೇ.

“ಫೈಲೇ ಕೆಟ್ಟಿದೆ ದೊಡ್ಡಪ್ಪ. ಏನೂ ಮಾಡಕ್ಕಾಗಲ್ಲ.”

“ಇಪ್ಪತ್ತಮೂರು ನಿಮಿಷ ನೆಟ್ಟಗಿದ್ದದ್ದು ಆಮೇಲೆ ಹೇಗಮ್ಮ ಕೆಡುತ್ತೆ?”

“ಹಾಲು ಕೆಡಲ್ವಾ? ಬೆಳಿಗ್ಗೆವರೆಗೆ ಚೆನ್ನಾಗಿರುತ್ತೆ.”

ನನ್ನ ಬುದ್ಧಿಯೇ ಇವಳಿಗೆ ಬಂದಿದೆ. ಅದಕ್ಕೇ ನಂಬಲಿಲ್ಲ. ಹೇಳುವಾಗ ಪರದೆ ಕಡೆ ನೋಡಲಿಲ್ಲ, ಕಿಟಕಿ ಕಡೆ ನೋಡಿದಳು.

ಏಪ್ರಿಲ್ 10, ಮಧ್ಯಾಹ್ನ

ಎಂಟನೇ ಕ್ಲಾಸಿನವನು ನಾನು. ಆದರೂ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದವನಿಗೆ ಈ ಕಂಪ್ಯೂಟರ್ ಡಬ್ಬ ಯಾವ ಲೆಕ್ಕ. ಮುಚ್ಚಳ ತೆಗೆದೆ. ಒಳಗೆ ಕುರಿ ಉಣ್ಣೆ! ನನ್ನ ಹೆಂಡತಿ ಕಲಿಪಾ ಇದೇ ಕೋಣೆಯಲ್ಲಿ ಕಂಬಳಿಗೆ ಉಣ್ಣೆ ಬಡಿಯುತ್ತಾಳೆ, ಅದೆಲ್ಲ ಫ್ಯಾನಿಗೆ ಸುತ್ತಿಕೊಂಡಿತ್ತು. ಬಾತುಕೋಳಿ ರೆಕ್ಕೆಯಲ್ಲಿ ಗುಡಿಸಿದೆ. ಬಿಸಿ ಇಳಿಯಿತು. ಫ್ಯಾನು ತಣ್ಣಗೆ ತಿರುಗಿತು.

ಇಪ್ಪತ್ತಮೂರು, ಹತ್ತು. ಕಲ್ಲು.

ಬೇರೆ ಮೂರು ವಿಡಿಯೋ ಹಾಕಿದೆ. ಪಕ್ಕದ ಮನೆ ಮಾಮಿರ್‌ಕುಲನ ಮಗನ ಮದುವೆ ಎರಡು ಗಂಟೆ ಓಡಿತು, ಆ ಹಾಳು ಹಾಡುಗಳ ಸಮೇತ. ಕಂಪ್ಯೂಟರ್ ಸರಿ ಇದೆ. ಕೆಟ್ಟಿರುವುದು ಯಾರೋ ಮನುಷ್ಯ.

ಏಪ್ರಿಲ್ 11

ಇದೇ ಆಟ ಫೋನಿನಲ್ಲಿ ಯಾರ ಹತ್ತಿರವಾದರೂ ಇರಬೇಕಲ್ಲ. ನನ್ನದು ಗುಂಡಿ ಒತ್ತುವ ಫೋನು. ಊರಿಡೀ ಕೇಳಿದೆ. ಅಂಗಡಿಯವನು ಅಳಿಸಿದ್ದಾನಂತೆ. ಮೇಷ್ಟ್ರ ಫೋನು ನೀರಿಗೆ ಬಿತ್ತಂತೆ. ಪಶುವೈದ್ಯನಿಗೆ ಕೈ ನಡುಗಿ ಬರೀ ಆಕಾಶ ಬಂದಿದೆಯಂತೆ. ಮಕ್ಕಳು ಸೀನಿದರೂ ವಿಡಿಯೋ ತೆಗೆಯುವ ಊರು ಇದು!

ಮಾಮಿರ್‌ಕುಲ ಬೇಲಿ ಆಚೆಯಿಂದ ಕೂಗಿದ: “ಏನಪ್ಪಾ ಕಿದಿರಾಲಿ, ತಲಾಸಲ್ಲಿ ನಿನ್ನ ಕುದುರೆ ಹೇಗಿದ್ಯಂತೆ?”

“ಎರಡು ಆಟ ಗೆದ್ದಿದೆ” ಅಂದೆ. ಗೆದ್ದೇ ಇರುತ್ತದೆ, ನನಗೆ ಗೊತ್ತಿಲ್ಲವೇ. “ಅಲ್ಲಿನವರು ನನ್ನ ಹೆಸರು ಹೇಳಿ ಚಪ್ಪಾಳೆ ತಟ್ತಾರಂತೆ.”

ಬೇರೆ ದಿನವಾದರೆ ಸುಳ್ಳುಬುರುಕ ಅನ್ನುತ್ತಿದ್ದ. ಇವತ್ತು “ಹೌದೌದು, ಒಳ್ಳೇ ಕುದುರೆ” ಅಂದು ಒಳಗೆ ಹೋದ. ಮೂವತ್ತು ವರ್ಷದಲ್ಲಿ ಅವನು ನನ್ನ ಒಂದು ಮಾತನ್ನೂ ಒಪ್ಪಿದವನಲ್ಲ. ಏನೋ ಇದೆ.

ಏಪ್ರಿಲ್ 13

ನನ್ನ ಅನುಮಾನ ತಮ್ಮನ ಮೇಲೆ. ಬೀಗ ಕೇಳಿರಲಾರ. ಇವನೇ ದೊಡ್ಡವನಾಗಲು ಹೋಗಿ ಕೊಟ್ಟಿದ್ದಾನೆ. ಕೊಡುವುದು ವಿಡಿಯೋದಲ್ಲಿದೆ. ಅದಕ್ಕೇ ಮಗಳ ಕೈಲಿ ಕತ್ತರಿ ಹಾಕಿಸಿದ್ದಾನೆ. ಎದುರಿಗೆ ಕೇಳಿದೆ.

“ಅಣ್ಣಾ, ಹೋಗಿದ್ದು ಹೋಯ್ತು ಬಿಡು” ಅಂದ. ಕಣ್ಣಲ್ಲಿ ನೀರು. ಕಳ್ಳನೇ ಇರಬೇಕು.

ಏಪ್ರಿಲ್ 15, ಮಧ್ಯಾಹ್ನ ಒಂದು

ಜಿಲ್ಲಾ ಪೇಟೆಗೆ ಹೋಗಿದ್ದೆ. ರೇಡಿಯೋ ರಿಪೇರಿಯವನಿಗೆ ಹೇಳಿದೆ. ನಮ್ಮೂರಿನವನಲ್ಲ, ಅದೇ ಒಳ್ಳೆಯದಾಯಿತು.

“ಅಜ್ಜಾ, ನಿಮ್ಮ ಪ್ಲೇಯರು ಚಿತ್ರ ಮುಗಿದ್ರೆ ತಾನೂ ಮುಗಿಸಿಬಿಡುತ್ತೆ. ಚಿತ್ರ ಬೇರೆ, ಸದ್ದು ಬೇರೆ ಕೂತಿರುತ್ತೆ ಒಳಗೆ. ಯಾರೋ ಚಿತ್ರ ಕತ್ತರಿಸಿ ಸದ್ದು ಮರೆತಿದ್ರೆ ಬೇರೆ ಪ್ಲೇಯರಲ್ಲಿ ಕೇಳಿಸುತ್ತೆ.”

ಬೇರೆ ಪ್ಲೇಯರ್ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಯಾರನ್ನು ಅಜ್ಜ ಅಂದದ್ದು ಅಂತ ಜಗಳ ಮಾಡಬೇಕಿತ್ತು. ಮರೆತೆ. ಬಸ್ಸಿನಲ್ಲಿ ಪೆನ್‌ಡ್ರೈವನ್ನು ಮುಷ್ಟಿಯಲ್ಲೇ ಹಿಡಿದು ಬಂದೆ. ಕಲಿಪಾ ಉಣ್ಣೆ ತೊಳೆಯಲು ಹೊಳೆಗೆ ಹೋಗಿದ್ದಾಳೆ. ಈಗಲೇ ಹಾಕುತ್ತೇನೆ. ತಮ್ಮನ ಬಣ್ಣ ಬಯಲು.

ಅದೇ ದಿನ, ಮಧ್ಯಾಹ್ನ ಎರಡು

ಕೇಳಿದೆ.

ಚಿತ್ರ ಹಾಗೇ ನಿಂತಿತ್ತು, ಕಾರ್ಚಿಗಾ ಗಾಳಿಯಲ್ಲೇ. ಸದ್ದು ಮುಂದೆ ಹೋಯಿತು. ಗುಂಪಿನ ಕೂಗು. ಏನೋ ಬಿದ್ದ ಸದ್ದು. ಆಮೇಲೆ ಅಷ್ಟು ಜನ ಒಟ್ಟಿಗೆ ಸುಮ್ಮನಾದರು.

“ಕಾಲು ಹೋಯ್ತು. ಮುಂಗಾಲು. ಎರಡು ತುಂಡು.” ಇದು ಪಶುವೈದ್ಯ. ಕೈ ನಡುಗಿತು ಅಂದವನು.

“ಚಾಕು ಕೊಡ್ರೋ, ಪ್ರಾಣ ಹೋಗೋಕೆ ಮುಂಚೆ. ಕಾಬಾ ಕಡೆ ತಿರುಗಿಸ್ರೋ.”

ಮುಲ್ಲಾನ ದನಿ: “ಯಾರ ಕುದುರೆ? ಯಜಮಾನ್ರು ಒಪ್ಪಬೇಕು.”

“ಕಿದಿರಾಲಿ ಅಣ್ಣಂದು. ಆಪರೇಷನ್ ನಡೀತಿದೆ.”

ಆಮೇಲೆ ತೊಕ್ತೊಸುನ್. ಮಗುವಿನ ಹಾಗೆ ಬಿಕ್ಕುತ್ತಿದ್ದ. “ಅತ್ತಿಗೆ... ಅತ್ತಿಗೆ, ಜೋರಾಗಿ ಹೇಳಿ, ಮುಲ್ಲಾರಿಗೆ ಕೇಳಿಸ್ಬೇಕು.”

ಫೋನಿನೊಳಗಿಂದ ನನ್ನ ಕಲಿಪಾ: “ನಾನು ಒಪ್ಪಿದೀನಿ. ಕುಯ್ಯಿರಿ, ನರಳಿಸಬೇಡಿ. ಅವರು ಇನ್ನೂ ಒಳಗೇ ಇದ್ದಾರೆ... ಅವರಿಗೆ ಮಾತ್ರ ಯಾರೂ ಹೇಳಬೇಡಿ. ಈ ಸ್ಥಿತೀಲಿ ಕೇಳಿದ್ರೆ ಅವರು ನಂಗೆ ಉಳಿಯಲ್ಲ.”

ಬಿಸ್ಮಿಲ್ಲಾ ಅಂದರು. ನಿಲ್ಲಿಸಿದೆ.

ಏಪ್ರಿಲ್ 16

ಆಸ್ಪತ್ರೆಯಿಂದ ಬಂದ ಮೂರನೇ ದಿನ ಉಗ್ರಾಣದಲ್ಲಿ ಕುದುರೆ ಮಾಂಸದ ಸಾಸೇಜು ತೂಗುಹಾಕಿತ್ತು. ಡಾಕ್ಟರು ಕೊಬ್ಬು ಮುಟ್ಟಬೇಡಿ ಅಂದಿದ್ದರು. ಕದ್ದು ತಿಂದೆ. ನಾಲ್ಕು ತುಂಡು. ಸಿಕ್ಕಿಬಿದ್ದೆ. “ಯಾವನ ಮನೇ ಕುದುರೆಯೇ ಇದು, ಚೆನ್ನಾಗಿ ಸಾಕಿದ್ದಾನೆ” ಅಂದೆ. ಕಲಿಪಾ ಗೋಡೆಗೆ ಮುಖ ಮಾಡಿ ಅತ್ತಳು. ಡಾಕ್ಟರ ಮಾತು ಮೀರಿದ್ದಕ್ಕೆ ಅಂದುಕೊಂಡಿದ್ದೆ.

ಏಪ್ರಿಲ್ 25

ಇಷ್ಟು ದಿನ ಬರೆಯಲಿಲ್ಲ.

ಇಡೀ ಊರು ಅಲ್ಲಿತ್ತು. ಇಡೀ ಊರಿಗೆ ಗೊತ್ತು. ಎರಡು ಆಟ ಗೆದ್ದಿದೆ, ಚಪ್ಪಾಳೆ ತಟ್ಟುತ್ತಾರೆ ಅಂತ ನಾನು ಹೇಳುತ್ತ ಹೋದೆ. ಒಬ್ಬನೂ ನಗಲಿಲ್ಲ. ನಗದೇ ಇದ್ದದ್ದಕ್ಕೆ ಸಿಟ್ಟು ಬರುತ್ತಿದೆ. ಮಾಮಿರ್‌ಕುಲನಾದರೂ ಬೈಯಬಾರದಿತ್ತೇ.

ನಾಡಿದ್ದು ಬೀಗ ಬರುತ್ತಾನಂತೆ, ಮದುವೆ ದಿನ ಗೊತ್ತು ಮಾಡಲು. ಬರಲಿ. ನನ್ನ ಕುದುರೆ ತನ್ನ ಲಾಯದಲ್ಲಿದೆ ಅಂತ ನನ್ನ ಮನೆಯಲ್ಲಿ ಕೂತು, ನನ್ನ ಚಹಾ ಕುಡಿಯುತ್ತ ಹೇಳುತ್ತಾನೋ ನೋಡೋಣ.

ಏಪ್ರಿಲ್ 27, ಸಂಜೆ ಐದು

ಬಂದರು. ಬೀಗನ ಹೆಸರು ಎಸೆನ್‌ಬೆಕ್. ದಪ್ಪ ಮನುಷ್ಯ, ಮೆತ್ತಗಿನ ಮಾತು. ಎರಡನೇ ಬಟ್ಟಲು ಚಹಾಕ್ಕೇ ಕೇಳಿಬಿಟ್ಟೆ.

“ಬೀಗರೇ, ನನ್ನ ಕಾರ್ಚಿಗಾ ಹೇಗಿದೆ?”

ತೊಕ್ತೊಸುನ್ ಕೈಲಿದ್ದ ರೊಟ್ಟಿ ಹಾಗೇ ನಿಂತಿತು.

“ಚೆನ್ನಾಗಿದೆ ಬೀಗರೇ. ತುಂಬಾ... ಚೆನ್ನಾಗಿ ತಿನ್ನುತ್ತೆ.”

“ಹತ್ತಿದ್ರಾ?”

“ಹತ್ತದೇ ಇರ್ತೀನಾ? ದಿನಾ.”

“ದಿನಾ ಹತ್ತೋರು. ಬಿಳಿ ಇರೋದು ಯಾವ ಕಾಲಿಗೆ, ಹೇಳಿ ನೋಡೋಣ.”

ಬೆವರು ಅವನ ಹಣೆಯಿಂದ ಇಳಿದು ಹುಬ್ಬಿನಲ್ಲಿ ನಿಂತಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ನನ್ನ ಹತ್ತಿರ ಆರು ತಿಂಗಳು ಇದ್ದರೆ ಕಲಿಯುತ್ತಿದ್ದ. ತಮ್ಮನನ್ನು ನೋಡಿದ. ತಮ್ಮ ನೆಲ ನೋಡಿದ.

“ಬಲ... ಬಲಗಾಲಿಗೆ. ಹಿಂದಿನದಕ್ಕೆ.”

ಎಡಗಾಲು. ಮರಿಯಾಗಿದ್ದಾಗಿಂದ ನಾನೇ ಉಜ್ಜಿದ ಕಾಲು. ಬಾಯಿಯವರೆಗೆ ಬಂತು: ನನ್ನ ಮನೆಯಲ್ಲಿ ಕೂತು ಸುಳ್ಳು ಹೇಳುವವನಿಗೆ ಹೆಣ್ಣು ಕೊಡುವುದಿಲ್ಲ. ಹಿರಿಯ ನಾನು. ನಾನು ಅಂದರೆ ಮುಗಿಯಿತು, ಎಲ್ಲರೂ ಎದ್ದುಹೋಗಬೇಕು. ನಾಜಿಕ್ ಬಾಗಿಲಲ್ಲಿ ನಿಂತಿದ್ದಳು, ಚಹಾದ ಕೆಟಲು ಎದೆಗೆ ಒತ್ತಿಕೊಂಡು. ಸುಡುತ್ತಿದ್ದಿರಬೇಕು. ನನ್ನನ್ನೇ ನೋಡುತ್ತಿದ್ದಳು. ಈ ಸಲ ಕಿಟಕಿ ಕಡೆ ನೋಡಲಿಲ್ಲ.

“ಹೌದು, ಬಲಗಾಲು” ಅಂದೆ. “ವಯಸ್ಸಾಯ್ತು ನೋಡಿ. ನಾನು ಎಡ ಅಂದ್ಕೊಂಡು ಕೂತಿದ್ದೆ.”

ಎಸೆನ್‌ಬೆಕ್ ಉಸಿರು ಬಿಟ್ಟದ್ದು ಅಂಗಳದವರೆಗೆ ಕೇಳಿಸಿರಬೇಕು.

“ಚೆನ್ನಾಗಿ ನೋಡ್ಕೊಳ್ಳಿ ಅದನ್ನ” ಅಂದೆ.

“ಕಣ್ಣಲ್ಲಿಟ್ಟು ನೋಡ್ಕೋತೀನಿ ಬೀಗರೇ” ಅಂದ. ಕುದುರೆಯನ್ನಲ್ಲ, ಹುಡುಗಿಯನ್ನು ನೋಡುತ್ತ ಅಂದ. ಜೂನ್ ಹದಿನಾಲ್ಕಕ್ಕೆ ಮದುವೆ ಅಂತಾಯಿತು.

ಏಪ್ರಿಲ್ 28, ಬೆಳಿಗ್ಗೆ ಒಂಬತ್ತು

ಬೀಗರು ಹೊರಟರು. ಮನೆ ಖಾಲಿ. ಕಂಪ್ಯೂಟರ್ ಮುಂದೆ ಕೂತು ಬರೆಯುತ್ತಿದ್ದೇನೆ. ವಿಡಿಯೋ ಹಾಕಿಲ್ಲ.

ಕಲಿಪಾ ಬಂದಳು. ಉಣ್ಣೆ ಬಡಿಯುವ ಕೋಲು ಹಿಡಿದು ಬಾಗಿಲಲ್ಲೇ ನಿಂತಳು.

“ನಲವತ್ತು ವರ್ಷದಲ್ಲಿ ಒಂದು ಸಲವೂ, ಯಾರ ಮುಂದೆಯೂ, ನಂದು ತಪ್ಪು ಅಂದೋರಲ್ಲ ನೀವು” ಅಂದಳು. “ಅದೂ ಕುದುರೆ ವಿಷಯದಲ್ಲಿ.”

ಪುಟ ತಿರುವಿದೆ.

“ಯಾವತ್ತು ಗೊತ್ತಾಯ್ತು?”

ಹದಿನೈದನೇ ತಾರೀಕು, ಆ ವಿಡಿಯೋದ ಸದ್ದಿನಲ್ಲಿ ಕೇಳಿದೆ ಅಂದೆ.

ಕೋಲು ಗೋಡೆಗೆ ಒರಗಿಸಿದಳು. ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಸದ್ದಿನಲ್ಲಿ ಕೇಳಿದ್ದು ಬೇಡ, ನಾನೇ ಮೊದಲಿನಿಂದ ಹೇಳುತ್ತೇನೆ ಅಂದಳು. ಅದನ್ನೂ ಬರೀತಾ ಕೂರ್ತೀರಾ, ಪೆನ್ನು ಕೆಳಗಿಡಿ ಅಂದಳು. ಒಂದು ಸಾಲು ಮುಗಿಸುತ್ತೇನೆ ಅಂದೆ. ಕೈ ಚಾಚಿ ನನ್ನ ಕೈ ಮೇಲೆ