ಬಲಗಡೆಯ ಕಾರ್ಬುರೇಟರ್

ಮಾರ್ಚ್ 3, ಗುರುವಾರ

ಎಡಗಡೆಯದನ್ನು ಬಿಚ್ಚಿದೆ. ಒಳಗೆ ಪೆಟ್ರೋಲ್ ಒಣಗಿ ಅಂಟು, ಬೆಲ್ಲದ ಪಾಕದ ಹಾಗೆ. ಗಾಳಿ ಹೋಗುವ ಬಾಯಲ್ಲಿ ಜಿರಳೆ ಮೊಟ್ಟೆ. ಬಿಡಿಭಾಗವೆಲ್ಲ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ — ಮಿಗ್ದಾಲಿಯಾಳ ಅನ್ನದ ಪಾತ್ರೆಯಲ್ಲಿ.

"ನನ್ನ ಪಾತ್ರೆಗೊಂದು ಗತಿ ಕಾಣಿಸಿದೆ ಬಿಡು. ನಾಳೆ ಬೀನ್ಸ್‌ಗೂ ಸೀಮೆಎಣ್ಣೆ ಒಗ್ಗರಣೆ ಹಾಕ್ತೀನಿ, ತಿನ್ನು" ಎಂದಳು. ಹೆಂಡತಿಯ ಬೈಗುಳ ಕೇಳಿದರೆ ಬೇರೆ ದಿನ ನಗು ಬರುತ್ತದೆ. ಇವತ್ತು ಬರಲಿಲ್ಲ.

ನನ್ನ ಗೆಳೆಯ ಆರ್ಸೆನಿಯೊನ ಗಾಡಿ. ರಷ್ಯನ್ ಮೋಟಾರ್ ಸೈಕಲ್, ಸೈಡ್‌ಕಾರ್ ಸಮೇತ. ಎರಡು ಸಿಲಿಂಡರ್, ಎರಡು ಕಾರ್ಬುರೇಟರ್. 1994ರ ಫೆಬ್ರವರಿಯಲ್ಲಿ ಬೋನಿಯಾತೊ ಘಾಟಿ ಇಳಿಯುವಾಗ ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೋಯಿತು. ಅಲ್ಲೇ ಸತ್ತ. ಸೈಡ್‌ಕಾರಿನಲ್ಲಿದ್ದ ರಮ್ ಬಾಟಲಿ ಒಡೆದು ಮೈಯೆಲ್ಲ ವಾಸನೆ. ಕುಡಿದು ಸತ್ತ ಎಂದಿತು ಇಡೀ ಸಾಂತಿಯಾಗೊ. ಅಂದಿನಿಂದ ಗಾಡಿ ಅವನ ಶೆಡ್ಡಿನಲ್ಲಿ, ಟಾರ್ಪಾಲಿನ ಕೆಳಗೆ. ಮೊನ್ನೆ ಅವನ ಮಗಳು ರಿಪೇರಿಗೆಂದು ನನ್ನ ಅಂಗಳಕ್ಕೆ ತಳ್ಳಿಸಿ ತಂದಳು.

ಈ ಕಾರ್ಬುರೇಟರ್‌ಗಳನ್ನು ಕೊನೆಯ ಸಲ ಬಿಚ್ಚಿ ಕಟ್ಟಿದವನು ನಾನು. ಅವನು ಸಾಯುವುದಕ್ಕೆ ಹದಿನೈದು ದಿನ ಮುಂಚೆ.

ಮಾರ್ಚ್ 4

ಎಡಗಡೆಯದರಲ್ಲಿ ಪೆಟ್ರೋಲ್ ಚಿಮ್ಮುವ ಜೆಟ್ಟಿನ ಕಟ್ಟಿದ್ದ ತೂತು ಬಿಟ್ಟುಕೊಂಡಿತು. ತಂತಿ ಹಾಕಲಿಲ್ಲ, ತಂತಿ ತೂತನ್ನು ದೊಡ್ಡದು ಮಾಡುತ್ತದೆ. ಬ್ರಷ್ಷಿನ ಒಂದು ಕೂದಲು ಸಾಕಾಯಿತು. ಪೆಟ್ರೋಲಿನಲ್ಲಿ ತೇಲುವ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ನೋಡಿದೆ — ಗುಳ್ಳೆ ಬರಲಿಲ್ಲ, ತೂತಿಲ್ಲ. ಗ್ಯಾಸ್ಕೆಟ್ ಹಳೇ ಕ್ಯಾಲೆಂಡರಿನ ರಟ್ಟಿನಿಂದ ಕತ್ತರಿಸಿದೆ.

ಬಲಗಡೆಯದನ್ನು ಮುಟ್ಟಿಲ್ಲ. ಗಾಡಿಯಲ್ಲೇ ಇದೆ. ಆ ಕಡೆ ಹೋಗಲು ಭಯ. ಅರವತ್ತೆಂಟು ವರ್ಷದ ಗಂಡಸು, ಹಿಡಿಯಷ್ಟು ಅಲ್ಯೂಮಿನಿಯಂ ಕಂಡು ಬೆವರುತ್ತಿದ್ದೇನೆ.

ಇಲ್ಲಿಯಾದರೂ ಬರೆದುಬಿಡುತ್ತೇನೆ. ರಷ್ಯನ್ ಸಾಮಾನು ಬರುವುದು ನಿಂತು ಆ ವರ್ಷ ಊರಲ್ಲಿ ಏನೂ ಸಿಗುತ್ತಿರಲಿಲ್ಲ. ಸೋಪು ಇಲ್ಲ, ಎಣ್ಣೆ ಇಲ್ಲ, ಸ್ಪೇರ್ ಪಾರ್ಟ್ ಅಂತೂ ಕನಸು. ಎಲ್ಲರೂ ಏನೋ ಒಂದರಿಂದ ಇನ್ನೇನೋ ಮಾಡುತ್ತಿದ್ದೆವು, ಮಾಡಿ ಮೀಸೆ ತಿರುವುತ್ತಿದ್ದೆವು. ಆಕ್ಸಿಲರೇಟರ್ ಬಿಟ್ಟಾಗ ಸ್ಲೈಡನ್ನು ಕೆಳಗೊತ್ತಿ ಪೆಟ್ರೋಲ್ ತಡೆಯುವ ಸ್ಪ್ರಿಂಗ್ ಬಲಗಡೆಯದರಲ್ಲಿ ಸತ್ತುಹೋಗಿತ್ತು. ನಾನು ನಮ್ಮ ಮಂಚದ ಜಾಲರಿಯಿಂದ ಒಂದು ಸ್ಪ್ರಿಂಗ್ ಕಳಚಿದೆ. ಅದು ಎಳೆದು ಹಿಡಿಯುವ ಸ್ಪ್ರಿಂಗ್. ಒಲೆಯ ಮೇಲೆ ಕಾಯಿಸಿ, ಹಿಗ್ಗಿಸಿ, ಒತ್ತುವ ಸ್ಪ್ರಿಂಗ್ ಮಾಡಿದೆ. ಹಾಗೆ ಕಾಯಿಸಿದ ಉಕ್ಕಿನ ಹದ ಕೆಟ್ಟು ಒಂದು ದಿನ ಪಟ್ಟನೆ ಮುರಿಯುತ್ತದೆ ಎಂದು ಆಗಲೂ ಗೊತ್ತಿತ್ತು. ಘಾಟಿಯಲ್ಲಿ ಮುರಿದು ತುಂಡು ಸಿಕ್ಕಿಕೊಂಡರೆ ಸ್ಲೈಡ್ ಮೇಲೇ ನಿಲ್ಲುತ್ತದೆ. ಗಾಡಿ ನಿಲ್ಲುವುದಿಲ್ಲ.

ಮುರಿದಿರಲಿಕ್ಕಿಲ್ಲ. ಬಿಚ್ಚದೆ ಹೇಗೆ ಹೇಳುವುದು.

ಮಾರ್ಚ್ 5

ಯಾನೆಲಿಸ್ ಬಂದಿದ್ದಳು. ಆರ್ಸೆನಿಯೊನ ಮಗಳು. ಚರ್ಚಿನಲ್ಲಿ ಅವಳನ್ನು ಎತ್ತಿಕೊಂಡು ಪಾದ್ರಿನೊ, ಅಂದರೆ ಧರ್ಮಪಿತ, ಆಗಿ ನಿಂತವನು ನಾನು; ಹಾಗಾಗಿ ಅವಳ ಅಪ್ಪ ಅಮ್ಮನಿಗೆ ನಾನು ಕಂಪಾದ್ರೆ. ಈಗ ಅವಳಿಗೆ ಇಪ್ಪತ್ತೇಳು, ನಡಿಗೆ ಥೇಟ್ ಅಪ್ಪನದೇ.

"ಪಾದ್ರಿನೊ, ಇನ್ನೂ ಒಂದೇ ಬಿಚ್ಚಿದೀರಾ? ಆಮೆ ನಿಮ್ಮನ್ನ ನೋಡಿ ನಾಚ್ಕೊಳುತ್ತೆ!"

"ಹಳೇ ಗಾಡಿ ಕಣಮ್ಮ. ಅವಸರ ಮಾಡಿದ್ರೆ ಕೈ ಕೊಡುತ್ತೆ."

"ಆಗಲ್ಲ ಅಂದ್ರೆ ಹೇಳಿ. ಸುವೆನೊ ಬಡಾವಣೆಯಲ್ಲಿ ಒಬ್ಬ ಹುಷಾರಾದ ಮೆಕ್ಯಾನಿಕ್ ಇದಾನಂತೆ, ಅವನ ಹತ್ರ ತಗೊಂಡ್ ಹೋಗ್ತೀನಿ."

"ಬೇಡ!" ಎಂದೆ. ದನಿ ಜೋರಾಯಿತು. ಅವಳು ಬೆಚ್ಚಿದಳು. ಒಳಗಿನಿಂದ ಮಿಗ್ದಾಲಿಯಾ ಇಣುಕಿದಳು.

ನಾನು ಈ ಕೆಲಸ ಒಪ್ಪಿಕೊಂಡದ್ದೇ ಅದಕ್ಕೆ. ಬೇರೆಯವನು ಬಿಚ್ಚಬಾರದು.

ಅಮ್ಮನನ್ನು ಸೈಡ್‌ಕಾರಿನಲ್ಲಿ ಕೂರಿಸಿ ಅದೇ ಘಾಟಿ ಹತ್ತಿಸುತ್ತಾಳಂತೆ. "ಸ್ಕೂಲಲ್ಲಿ ನನ್ನ ಕುಡುಕನ ಮಗಳು ಅಂತಿದ್ರು ಪಾದ್ರಿನೊ. ಹತ್ತಿ, ಇಳಿದು ತೋರಿಸ್ತೀನಿ."

ಮಾರ್ಚ್ 12

ಒಂದು ವಾರ ಬೆನ್ನು ನೋವು ಎಂದು ಮಲಗಿದ್ದೆ. ಬೆನ್ನಿಗೇನೂ ಆಗಿಲ್ಲ. ಮಿಗ್ದಾಲಿಯಾ ಎಣ್ಣೆ ತಿಕ್ಕಿದಳು. ಅದಕ್ಕೂ ನಾಚಿಕೆಯಾಯಿತು.

ಸ್ಪ್ರಿಂಗನ್ನು ಯಾರೂ ನೋಡದಂತೆ ಬದಲಾಯಿಸಿ, ಹಳೆಯದನ್ನು ಕೊಲ್ಲಿಯ ನೀರಿಗೆ ಎಸೆದರೆ ಮುಗಿಯಿತಲ್ಲ? ನಾಳೆ ಬಿಚ್ಚುತ್ತೇನೆ.

ಮಾರ್ಚ್ 13, ಮಧ್ಯಾಹ್ನ 3

ಮಿಗ್ದಾಲಿಯಾ ತಂಗಿಯ ಮನೆಗೆ ಹೋದಳು. ಬಾಗಿಲು ಹಾಕಿಕೊಂಡೆ.

ಮುಚ್ಚಳದ ಸ್ಕ್ರೂ ಮೇಲೆ ನಾನೇ ಹಚ್ಚಿದ್ದ ಕೆಂಪು ಪೇಂಟು ಹಾಗೇ ಇದೆ. ನನ್ನ ನಂತರ ಯಾರೂ ಕೈ ಹಾಕಿಲ್ಲ. ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಮುಚ್ಚಳ ಬಂತು, ಸ್ಲೈಡ್ ಬರಲಿಲ್ಲ. ಮೇಲೆ, ಪೂರ್ತಿ ಮೇಲೆ, ಕಚ್ಚಿಕೊಂಡು ಕೂತಿದೆ. ಸೀಮೆಎಣ್ಣೆ ಬಿಟ್ಟು ಕಾದೆ. ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದೆ.

ಬಂತು. ಸ್ಪ್ರಿಂಗ್ ಎರಡು ತುಂಡು. ಸಣ್ಣ ತುಂಡು ಸ್ಲೈಡಿಗೂ ಗೋಡೆಗೂ ನಡುವೆ ಬೆಣೆಯಾಗಿ ಸಿಕ್ಕಿಕೊಂಡಿತ್ತು. ಸ್ಲೈಡಿನ ಮೈಮೇಲೆ ಉದ್ದಕ್ಕೆ ಗೀರು.

ಆರ್ಸೆನಿಯೊ ಕುಡಿದಿರಲಿಲ್ಲ. ಆಕ್ಸಿಲರೇಟರ್ ಬಿಟ್ಟಿದ್ದಾನೆ, ಗಾಡಿ ಬಿಟ್ಟಿಲ್ಲ.

ತುಂಡುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಅಂಗಳ ತೊಳೆದೆ.

ಮಾರ್ಚ್ 15

ಹೊಸ ಸ್ಪ್ರಿಂಗ್ ಹಾಕಿದೆ, ಎರಡೂ ಕಡೆ, ಅಸಲಿ. ಗೀರು ಬಿದ್ದ ಸ್ಲೈಡ್ ತೆಗೆದು ಬೇರೆಯದು ಹಾಕಿದೆ. ಎರಡೂ ಕಾರ್ಬುರೇಟರಿನ ಬಾಯಿಗೆ ಒಂದೊಂದು ಬೆರಳಿಟ್ಟು, ಸ್ಲೈಡ್ ಮುಟ್ಟಿಕೊಂಡು, ಯಾನೆಲಿಸ್‌ಗೆ ಆಕ್ಸಿಲರೇಟರ್ ತಿರುಗಿಸಲು ಹೇಳಿದೆ. ಬಲಗಡೆಯದು ಒಂದು ಕೂದಲೆಳೆ ತಡವಾಗಿ ಏಳುತ್ತಿತ್ತು. ಕೇಬಲ್ ಬಿಗಿ ಮಾಡಿದೆ. ಒಟ್ಟಿಗೆ ಎದ್ದವು, ಒಟ್ಟಿಗೆ ಬಿದ್ದವು. ನೂರು ಸಲ ತಿರುಗಿಸಿದಳು. ನೂರು ಸಲವೂ ಬಿದ್ದವು. ಮತ್ತೆ ತಿರುಗಿಸು ಎಂದೆ.

ಏಳನೇ ಕಿಕ್ಕಿಗೆ ಸ್ಟಾರ್ಟ್. ಒಂದೊಂದೇ ಪ್ಲಗ್ಗಿನ ವೈರ್ ತೆಗೆದು ಎರಡೂ ಸಿಲಿಂಡರಿನ ನಿಧಾನದ ಓಟ ಸಮ ಮಾಡಿದೆ. ಯಾನೆಲಿಸ್ ಕುಣಿದಳು. ಅವಳ ಅಮ್ಮ ಕ್ಲಾರಿವೆಲ್ ಕೋಲೂರಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಗಂಡ ಕುಡಿದಿರಲಿಲ್ಲ ಎಂದು ಇಷ್ಟು ವರ್ಷ ಊರೊಂದಿಗೆ ಜಗಳವಾಡಿದವಳು ಅವಳೊಬ್ಬಳೇ.

"ಎವೆಲಿಯೊ," ಎಂದಳು, ಮಗಳಿಗೆ ಕೇಳದ ಹಾಗೆ, "ನೋಡಿದ್ಯಾ, ಗಾಡಿ ಚೆನ್ನಾಗೇ ಇದೆ. ಗಾಡೀದೇ ಏನೋ ದೋಷ ಇರ್ಬೇಕು ಅಂತ ನಾನೊಬ್ಳೇ ಬಡ್ಕೋತಿದ್ದೆ. ಸಾಕಾಯ್ತಪ್ಪ. ಕುಡ್ದಿದ್ದ. ನಾನೂ ಒಪ್ಕೊಂಡೆ."

ಬಗ್ಗಿ ಎಂಜಿನ್ ಆಫ್ ಮಾಡಿದೆ. ಆ ತುಂಡುಗಳು ನನ್ನ ಅಂಗಿಯ ಜೇಬಿನಲ್ಲೇ ಇದ್ದವು.

ಮಾರ್ಚ್ 16, ಸಂಜೆ 5

ಹೇಳಿದೆ. ಕ್ಲಾರಿವೆಲ್‌ಳ ಅಡುಗೆಮನೆಯಲ್ಲಿ, ನಿಂತುಕೊಂಡೇ. ತುಂಡುಗಳನ್ನು ಮೇಜಿನ ಮೇಲಿಟ್ಟೆ. ಮಂಚ, ಒಲೆ, ಎಲ್ಲ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಉಗಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಸಣ್ಣ ತುಂಡನ್ನು ಬೆರಳಲ್ಲಿ ಹೊರಳಿಸಿದಳು.

"ಆಗ ಎಲ್ರೂ ಹಾಗೇ ಮಾಡ್ತಿದ್ವಿ" ಎಂದಳು. "ನಿಂಗೆ ಹೇಗೆ ಗೊತ್ತಾಗ್ಬೇಕು." ಆಮೇಲೆ ತಲೆ ಎತ್ತಿದಳು. "ಒಂದೇ ಒಂದು ಹೇಳು ಕಂಪಾದ್ರೆ. ಅವನಿಗೇನಾದ್ರೂ ಅನುಮಾನ ಬಂದಿತ್ತಾ? ನಿನ್ನ ಹತ್ರ ಏನಾದ್ರೂ ಹೇಳಿದ್ನಾ?"

ಇದನ್ನು ಈ ಪುಸ್ತಕದಲ್ಲೂ ಬರೆದಿರಲಿಲ್ಲ. ಆರ್ಸೆನಿಯೊ ಸಾಯುವ ಮುಂಚಿನ ಭಾನುವಾರ ಬಂದಿದ್ದ. ನಾನು ಬೀದಿಯ ಮೂಲೆಯಲ್ಲಿ ಡೊಮಿನೊ ಆಡುತ್ತಿದ್ದೆ, ಗೆಲ್ಲುತ್ತಿದ್ದೆ. "ಎವೆಲಿಯೊ, ಬಲಗಡೆಯದು ಒಮ್ಮೊಮ್ಮೆ ಕಚ್ಕೊಳುತ್ತೆ ಕಣೋ, ಬಂದು ಸ್ವಲ್ಪ ನೋಡು" ಎಂದ. "ಕೇಬಲ್ಲಿಗೆ ಎಣ್ಣೆ ಬಿಡು, ಸರಿಹೋಗುತ್ತೆ" ಎಂದೆ. ಏಳಲಿಲ್ಲ. ತಲೆ ಎತ್ತಿಯೂ ನೋಡಲಿಲ್ಲ.

"ಇಲ್ಲ" ಎಂದೆ ಕ್ಲಾರಿವೆಲ್‌ಗೆ. "ಏನೂ ಹೇಳಿರಲಿಲ್ಲ."

ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಗಂಡನ ಮರ್ಯಾದೆ ವಾಪಸ್ ಕೊಟ್ಟೆ, ದೇವರು ನಿನ್ನ ಚೆನ್ನಾಗಿಟ್ಟಿರಲಿ ಎಂದಳು. ಕಾಫಿ ಮಾಡಿಕೊಟ್ಟಳು. ಕುಡಿದೆ.

ನಾಳೆ ಮತ್ತೆ ಹೋಗಿ ಅವಳಿಗೆ ಆ ಭಾನುವಾರದ ಮಾತನ್ನೂ ಹೇಳುತ್ತೇನೆ.